ಆಯಿಗೆ ಹೆಪಟೈಟಿಸ್ ಸಿ ಇದೆ, ಗಂಟುನೋವಿಗೆ ಕೊಟ್ಟ ವಾರದ ಮಾತ್ರೆ ಶುರು ಮಾಡಬಹುದಾ?

ಮೆಟ್ಟುಗತ್ತಿ, ಶಿರಸಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಆಯಿಗೆ 61 ವರ್ಷ. ಕಳೆದ ಮಳೆಗಾಲದಿಂದ ಬೆರಳು, ಮಣಿಕಟ್ಟು, ಕಾಲಿನ ಹರಡು ಎಲ್ಲ ನೋವು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಅರ್ಧ ಗಂಟೆ ಕೂರುತ್ತಾಳೆ. ಈ ಸಲ ಅಡಿಕೆ ಸುಲಿಯಲು ಕೂತವಳು ಹತ್ತು ನಿಮಿಷಕ್ಕೆ ಎದ್ದಳು. ಮೆಟ್ಟುಗತ್ತಿಗೆ ಅಡಿಕೆ ಒತ್ತುವಾಗ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದಂತೆ. ನಲವತ್ತು ವರ್ಷ ಸುಲಿದ ಕೈ ಅದು. ಒಳಗೆ ಹೋಗಿ ಅತ್ತಳು ಎಂದು ತಂಗಿ ಆಮೇಲೆ ಹೇಳಿದಳು.

ಇಲ್ಲೇ ಒಬ್ಬರು ಡಾಕ್ಟರಿಗೆ ತೋರಿಸಿದೆವು. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂತು. ಸಂಧಿವಾತ (ರುಮಟಾಯ್ಡ್ ಆರ್ಥ್ರೈಟಿಸ್) ಎಂದು ಹೇಳಿ, ವಾರಕ್ಕೊಂದು ಸಲ ನುಂಗುವ ಮೆಥೋಟ್ರೆಕ್ಸೇಟ್ ಬರೆದುಕೊಟ್ಟರು. ಮಾತ್ರೆ ತಂದಿಟ್ಟಿದ್ದೇವೆ, ಶುರು ಮಾಡಿಲ್ಲ. ಅಷ್ಟರಲ್ಲಿ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ರಕ್ತ ತೆಗೆದಾಗ ಹೆಪಟೈಟಿಸ್ ಸಿ ರಿಯಾಕ್ಟಿವ್ ಎಂದು ಬಂತು. ತಂಗಿ ಹುಟ್ಟುವಾಗ, 1987ರಲ್ಲಿ, ಆಯಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಅದು ಬಿಟ್ಟರೆ ಬೇರೆ ಕಾರಣ ನಮಗೆ ಕಾಣುವುದಿಲ್ಲ.

ಕಾಲ ಮೇಲೆ, ಮೊಣಕಾಲಿನ ಕೆಳಗೆ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಬೇರೆ ಏಳುತ್ತವೆ. ಜಾಸ್ತಿ ಹೊತ್ತು ನಿಂತರೆ ಬರುತ್ತವೆ, ಎಂಟು ದಿನಕ್ಕೆ ಕಂದು ಕಲೆ ಬಿಟ್ಟು ಹೋಗುತ್ತವೆ. ಸೊಳ್ಳೆ ಕಡಿತ ಅಂದುಕೊಂಡಿದ್ದೆವು.

ಪ್ರಶ್ನೆ ಎರಡು. ಲಿವರಿನ ವೈರಸ್ಸಿಗೂ ಗಂಟುನೋವಿಗೂ ಸಂಬಂಧ ಇದೆಯಾ? ಈ ವಾರದ ಮಾತ್ರೆ ಶುರು ಮಾಡಬೇಕಾ, ಬೇಡವಾ?

ಗಂಗಾವಳಿ ದಂಡೆ, ಅಂಕೋಲಾ · 9:52

ಚಿಕುನ್‌ಗುನ್ಯಾ ಆಗಿರಬಹುದು, ನೋಡಿ. 2006ರಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಜನ ಮಲಗಿದ್ದೆವು. ನನ್ನ ಚಿಕ್ಕಪ್ಪನಿಗೆ ಎರಡು ವರ್ಷ ಗಂಟು ಹಿಡಿದಿತ್ತು.

ಮೆಟ್ಟುಗತ್ತಿ, ಶಿರಸಿ · 9:55

ಜ್ವರ ಬಂದೇ ಇಲ್ಲ ಅಣ್ಣಾ. ಚಿಕುನ್‌ಗುನ್ಯಾ ಟೆಸ್ಟ್ ಸಹ ಮಾಡಿಸಿದ್ದೇವೆ, ನೆಗೆಟಿವ್.

ಘಟ್ಟದ ಮೇಲಿನವ, ಯಲ್ಲಾಪುರ · 10:03

ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಅಂದಮೇಲೆ ಸಂಧಿವಾತವೇ. ಲಿವರ್ ಬೇರೆ, ಗಂಟು ಬೇರೆ. ಮಾತ್ರೆ ತಡ ಮಾಡಿದರೆ ಬೆರಳು ಸೊಟ್ಟ ಆಗುತ್ತವೆ. ನಮ್ಮ ಅತ್ತೆಗೆ ಹಾಗೇ ಆಯಿತು. ಶುರು ಮಾಡಿ.

ಲ್ಯಾಬ್ ಕೆಲಸದವ, ಕುಮಟಾ · 10:21

ಯಲ್ಲಾಪುರದವರೇ, ದಯವಿಟ್ಟು ಹಾಗೆ ಹೇಳಬೇಡಿ. ನಾನು ಹದಿನಾರು ವರ್ಷದಿಂದ ಲ್ಯಾಬಿನಲ್ಲಿದ್ದೇನೆ. ಹೆಪಟೈಟಿಸ್ ಸಿ ಇದ್ದವರಲ್ಲಿ ಸಂಧಿವಾತ ಇಲ್ಲದೆಯೂ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುವುದು ತೀರಾ ಸಾಮಾನ್ಯ. ಅದೊಂದನ್ನೇ ನಂಬಿ ಸಂಧಿವಾತ ಅನ್ನಲು ಬರುವುದಿಲ್ಲ.

ಮೆಟ್ಟುಗತ್ತಿಯವರೇ, ಸಂಬಂಧ ಖಂಡಿತ ಇದೆ. ವೈರಸ್ ವರ್ಷಗಟ್ಟಲೆ ಮೈಯಲ್ಲೇ ಕೂತಿರುತ್ತದೆ. ಅದನ್ನು ಓಡಿಸಲು ದೇಹ ಪ್ರತಿಕಾಯ ಮಾಡುತ್ತಲೇ ಇರುತ್ತದೆ, ಆದರೆ ಓಡಿಸಲು ಆಗುವುದಿಲ್ಲ. ಕೆಲವರಲ್ಲಿ ಆ ಪ್ರತಿಕಾಯಗಳು ಒಂದಕ್ಕೊಂದು ಅಂಟಿ, ತಂಪಿಗೆ ಗಟ್ಟಿಯಾಗುತ್ತವೆ. ಶಿರಸಿಯ ಚಳಿಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ. ಇದಕ್ಕೆ ಕ್ರಯೋಗ್ಲೋಬ್ಯುಲಿನ್ ಅನ್ನುತ್ತಾರೆ. ಸಣ್ಣ ರಕ್ತನಾಳದಲ್ಲಿ ಇವು ಸಿಕ್ಕಿಕೊಂಡರೆ ಉರಿಯೂತ ಆಗುತ್ತದೆ. ಚರ್ಮದಲ್ಲಾದರೆ ಕೆಂಪು ಚುಕ್ಕೆ, ಗಂಟಲ್ಲಾದರೆ ನೋವು, ನರದಲ್ಲಾದರೆ ಪಾದ ಉರಿ ಮತ್ತು ಜೋಮು. ಕಿಡ್ನಿಗೆ ಹೋದರೆ ಮೂತ್ರದಲ್ಲಿ ಪ್ರೋಟೀನ್ ಬರುತ್ತದೆ.

ಗಂಟುನೋವು, ಸುಸ್ತು, ಕಾಲಿನ ಚುಕ್ಕೆ ಮೂರೂ ಒಟ್ಟಿಗೆ ಇದ್ದರೆ ಡಾಕ್ಟರುಗಳು ಮೊದಲು ಇದನ್ನೇ ಅನುಮಾನಿಸುತ್ತಾರೆ. ನೀವು ಬರೆದ ಚುಕ್ಕೆಯ ವರ್ಣನೆ ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಮಾಯ ಆಗುತ್ತದಾ, ಹಾಗೇ ಉಳಿಯುತ್ತದಾ?

ಮೆಟ್ಟುಗತ್ತಿ, ಶಿರಸಿ · 10:34

ಈಗಷ್ಟೇ ಸ್ಟೀಲ್ ಲೋಟದ ಬದಲು ಗಾಜಿನ ಲೋಟ ಇಟ್ಟು ಒತ್ತಿ ನೋಡಿದೆ. ಹಾಗೇ ಉಳಿಯುತ್ತದೆ. ಸ್ವಲ್ಪ ಉಬ್ಬು ಸಹ ಇದೆ.

ಲ್ಯಾಬ್ ಕೆಲಸದವ, ಕುಮಟಾ · 10:41

ಹಾಗಾದರೆ ಅದು ಸೊಳ್ಳೆ ಕಡಿತ ಅಲ್ಲ, ರಕ್ತ ಚರ್ಮದೊಳಗೆ ಜಿನುಗಿದ ಚುಕ್ಕೆ. ಡಾಕ್ಟರ ಹತ್ತಿರ ಈ ಪರೀಕ್ಷೆಗಳ ಬಗ್ಗೆ ಕೇಳಿ: ಎಚ್‌ಸಿವಿ ಆರ್‌ಎನ್‌ಎ, ಆಂಟಿ ಸಿಸಿಪಿ, ಸಿ4 (ಕ್ರಯೋಗ್ಲೋಬ್ಯುಲಿನ್ ತೊಂದರೆ ಇದ್ದರೆ ಇಳಿಯುವ ರಕ್ತದ ಪ್ರೋಟೀನ್), ಕ್ರಯೋಗ್ಲೋಬ್ಯುಲಿನ್, ಮೂತ್ರದ ಪ್ರೋಟೀನ್, ಕಿಡ್ನಿಗೆ ಕ್ರಿಯಾಟಿನಿನ್. ಸಂಧಿವಾತವೇ ಆಗಿದ್ದರೆ ಸಿಸಿಪಿ ಹೆಚ್ಚಾಗಿ ಪಾಸಿಟಿವ್ ಬರುತ್ತದೆ. ವೈರಸ್ಸಿನ ಗಂಟುನೋವಾದರೆ ಸಾಮಾನ್ಯವಾಗಿ ನೆಗೆಟಿವ್, ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದೂ ಕಾಣುವುದಿಲ್ಲ.

ಇನ್ನೊಂದು ಮಾತು. ಪೊರೆ ಆಪರೇಷನ್‌ಗೆ ಮಾಡಿದ್ದು ಪ್ರತಿಕಾಯದ ಪರೀಕ್ಷೆ. ಒಮ್ಮೆ ಸೋಂಕು ಬಂದು ತಾನಾಗಿ ಹೋಗಿದ್ದರೂ ಅದು ರಿಯಾಕ್ಟಿವ್ ಬರುತ್ತದೆ. ವೈರಸ್ ಈಗ ಇದೆಯಾ ಎಂದು ಹೇಳುವುದು ಆರ್‌ಎನ್‌ಎ ಮಾತ್ರ.

ಅಕ್ಕೋರು, ಹೊನ್ನಾವರ · ಸೋಮವಾರ ಬೆಳಿಗ್ಗೆ 6:15

ಆಯಿಯ ಕೈ ವಿಷಯ ಓದಿ ಬೇಸರ ಆಯಿತು ತಮಾ. ಒಂದು ಕೇಳಬೇಕಿತ್ತು. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದೀರಾ?

ಮೆಟ್ಟುಗತ್ತಿ, ಶಿರಸಿ · 6:40

ನಾವು ಇಟ್ಟಿಲ್ಲ ಅಕ್ಕೋರೇ, ಆಯಿಯೇ ಇಟ್ಟುಕೊಂಡಿದ್ದಾಳೆ. ರಿಪೋರ್ಟ್ ಬಂದ ದಿನದಿಂದ ಬಾಳೆ ಎಲೆಯಲ್ಲಿ ಉಣ್ಣುತ್ತಾಳೆ, ಎಲೆ ತಾನೇ ಎತ್ತಿ ಗೊಬ್ಬರದ ಗುಂಡಿಗೆ ಹಾಕುತ್ತಾಳೆ. ಮೊಮ್ಮಗಳನ್ನು ಹತ್ತಿರ ಕರೆಯುತ್ತಿಲ್ಲ.

ಅಕ್ಕೋರು, ಹೊನ್ನಾವರ · 6:52

ಅದನ್ನು ಇವತ್ತೇ ನಿಲ್ಲಿಸಿ. ನನ್ನ ಯಜಮಾನರಿಗೆ ಹೆಪಟೈಟಿಸ್ ಬಿ ಇತ್ತು, ನಾನು ಇಪ್ಪತ್ತೆರಡು ವರ್ಷ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡವಳು. ಬಿ ಆಗಲಿ ಸಿ ಆಗಲಿ, ಒಟ್ಟಿಗೆ ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ ಹರಡುವುದಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಲಿ. ರಕ್ತ ತಾಗುವ ವಸ್ತು ಮಾತ್ರ ಬೇರೆ ಇರಲಿ: ಬ್ಲೇಡು, ಹಲ್ಲುಜ್ಜುವ ಬ್ರಶ್ಶು, ಉಗುರು ತೆಗೆಯುವ ಕಟರು. ಅಷ್ಟೇ. ಬಿ ಆದರೆ ಗಂಡ ಹೆಂಡತಿ ನಡುವೆ ಸಹ ಹರಡುತ್ತದೆ, ಅದಕ್ಕೆ ನನಗೆ ಮೊದಲೇ ಲಸಿಕೆ ಹಾಕಿಸಿದ್ದರು. ಸಿ ಗೆ ಲಸಿಕೆ ಇಲ್ಲ, ಆದರೆ ವಾಸಿಯಾಗುವ ಔಷಧಿ ಇದೆ.

ತಂಗಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಹೆರಿಗೆ ಸಮಯದಲ್ಲಿ ತಾಯಿಯಿಂದ ಮಗುವಿಗೆ ಬರುವುದು ಅಪರೂಪ, ಆದರೆ ಇದೆ.

ಹಸಿರು ತೋಟ, ಸಿದ್ದಾಪುರ · 7:30

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಅಮೃತಬಳ್ಳಿ ಕಷಾಯ ಕೊಡಿ. ಗಂಟುನೋವಿಗೂ ಆಯಿತು, ರೋಗ ನಿರೋಧಕ ಶಕ್ತಿಗೂ ಆಯಿತು. ಜೊತೆಗೆ ನೆಲನೆಲ್ಲಿ ಅರೆದು ಹಾಲಲ್ಲಿ. ನಮ್ಮ ಅಜ್ಜ ಎಷ್ಟು ಜನರ ಕಾಮಾಲೆ ಗುಣ ಮಾಡಿದ್ದಾರೆ ಲೆಕ್ಕ ಇಲ್ಲ.

ಔಷಧಿ ಅಂಗಡಿ, ಭಟ್ಕಳ · 8:05

ಸಿದ್ದಾಪುರದವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಇದನ್ನು ಹಾಗೇ ಬಿಡಲು ಆಗುವುದಿಲ್ಲ. ಕೊರೊನಾ ಸಮಯದಲ್ಲಿ ದಿನಾ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈಯ ಲಿವರ್ ಡಾಕ್ಟರುಗಳು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಆದರೆ ಆ ರೋಗಿಗಳಲ್ಲಿ ಕಂಡದ್ದು, ದೇಹದ ರಕ್ಷಣಾ ಪಡೆ ತನ್ನದೇ ಲಿವರ್ ಮೇಲೆ ಬೀಳುವ ಥರದ ಕಾಯಿಲೆ. ಈಗಾಗಲೇ ಪ್ರತಿರಕ್ಷೆ ಅಡ್ಡಾದಿಡ್ಡಿ ಆಗಿರುವ ಮನುಷ್ಯರಿಗೆ ಅದನ್ನು ಇನ್ನೂ ಕೆರಳಿಸುವುದು ಏಕೆ? ಈ ಕಾಯಿಲೆಯಲ್ಲಿ ಶಕ್ತಿ ಕಮ್ಮಿ ಆಗಿ ಗಂಟು ನೋಯುವುದಲ್ಲ. ದಿಕ್ಕು ತಪ್ಪಿ ನೋಯುವುದು.

ಹಸಿರು ತೋಟ, ಸಿದ್ದಾಪುರ · 8:20

ನೆಲನೆಲ್ಲಿ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ಅದನ್ನೂ ಹೇಳಿ.

ಔಷಧಿ ಅಂಗಡಿ, ಭಟ್ಕಳ · 8:33

ಬಂದಿದೆ, 1988ರಲ್ಲಿ, ಮದ್ರಾಸಿನವರದ್ದು. ಹೆಪಟೈಟಿಸ್ ಬಿ ಬಗ್ಗೆ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ನಿಮ್ಮ ಅಜ್ಜನ ಕೈಗುಣದ ಬಗ್ಗೆ ನನಗೆ ಗೌರವ ಇದೆ. ನೀರಿನಿಂದ ಬರುವ ಎ ಮತ್ತು ಇ ಕಾಮಾಲೆ ಪಥ್ಯ ಮಾಡಿಕೊಂಡು ಮಲಗಿದರೂ ಬಹಳಷ್ಟು ಜನರಿಗೆ ಗುಣ ಆಗುತ್ತದೆ. ಅಲ್ಲಿ ಗುಣ ಆದದ್ದನ್ನು ನೋಡಿ ಸಿ ಗೂ ಅದೇ ಸಾಕು ಅನ್ನುವುದು ತಪ್ಪು. ಸಿ ಇದ್ದವರಿಗೆ ಎಷ್ಟೋ ಸಲ ಕಾಮಾಲೆ ಆಗುವುದೇ ಇಲ್ಲ, ಲಿವರ್ ಒಳಗಿಂದೊಳಗೆ ಗಟ್ಟಿಯಾಗುತ್ತಾ ಹೋಗುತ್ತದೆ.

ಬೈತಕೋಲ ಬೋಟು, ಕಾರವಾರ · 1:10

ಇದನ್ನು ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ನನಗೆ ಹೆಪಟೈಟಿಸ್ ಬಿ. ಇರುವುದು ನನಗೆ ಗೊತ್ತಿರಲಿಲ್ಲ. 2019ರಲ್ಲಿ ಭುಜ, ಮೊಣಕಾಲು ಸಿಕ್ಕಾಪಟ್ಟೆ ನೋವು. ಬಲೆ ಎಳೆಯಲು ಆಗುತ್ತಿರಲಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ಸಣ್ಣ ಬಿಳಿ ಮಾತ್ರೆ ಕೊಟ್ಟರು. ಮೂರನೇ ದಿನಕ್ಕೆ ನೋವೇ ಇಲ್ಲ. ಹೊಟ್ಟೆ ತುಂಬ ಹಸಿವು, ಮುಖ ತುಂಬಿಕೊಂಡಿತು. ಎರಡು ತಿಂಗಳು ನಾನೇ ಅಂಗಡಿಯಿಂದ ತಂದು ತಂದು ತಿಂದೆ. ಅದು ಸ್ಟೀರಾಯ್ಡ್ ಎಂದು ಯಾರೂ ಹೇಳಲಿಲ್ಲ. ಆಗಸ್ಟ್ ಬಂತು, ಬೋಟು ಇಳಿಸುವ ಗಡಿಬಿಡಿಯಲ್ಲಿ ಮಾತ್ರೆ ಬಿಟ್ಟೆ. ಎರಡು ವಾರಕ್ಕೆ ಊಟ ಸೇರಲಿಲ್ಲ. ಮೂತ್ರ ಕಡು ಚಹಾದ ಬಣ್ಣ. ಬೋಟಿನಲ್ಲಿ ಇದ್ದ ಹುಡುಗ ನನ್ನ ಕಣ್ಣು ನೋಡಿ "ತಾಂಡೇಲರೇ, ದಂಡೆಗೆ ತಿರುಗಿಸೋಣ" ಅಂದ.

ಹದಿನೇಳು ದಿನ ಆಸ್ಪತ್ರೆಯಲ್ಲಿದ್ದೆ. ಬದುಕುವುದು ಕಷ್ಟ ಎಂದು ಮನೆಯವರಿಗೆ ಹೇಳಿದ್ದರಂತೆ. ಅಲ್ಲಿನ ಡಾಕ್ಟರು ವಿವರಿಸಿದ್ದು ಹೀಗೆ: ಬಿ ವೈರಸ್ಸನ್ನು ನನ್ನ ದೇಹ ಹೇಗೋ ಅದುಮಿಟ್ಟುಕೊಂಡಿತ್ತು. ಸ್ಟೀರಾಯ್ಡ್ ಆ ಕೈ ಸಡಿಲ ಮಾಡಿತು, ವೈರಸ್ ಬೆಳೆಯಿತು. ಮಾತ್ರೆ ನಿಲ್ಲಿಸಿದ ಕೂಡಲೇ ದೇಹ ಎದ್ದು ಲಿವರಿನ ಮೇಲೆಯೇ ದಾಳಿ ಮಾಡಿತು. ಮೊದಲೇ ಎಚ್‌ಬಿಎಸ್‌ಎಜಿ ಎಂಬ ಒಂದು ಬಿ ಪರೀಕ್ಷೆ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಈಗ ಬಿ ವೈರಸ್ಸಿಗೆ ದಿನಕ್ಕೊಂದು ಎಂಟೆಕಾವಿರ್ ಮಾತ್ರೆ. ಬೋಟಿಗೂ ಹೋಗುತ್ತೇನೆ.

ಮೆಟ್ಟುಗತ್ತಿ ಭಾವ, ಆ ವಾರದ ಮಾತ್ರೆ ಕಪಾಟಿನಲ್ಲೇ ಇರಲಿ. ಮುಟ್ಟಬೇಡಿ.

ಘಟ್ಟದ ಮೇಲಿನವ, ಯಲ್ಲಾಪುರ · 1:45

ನಿಮ್ಮ ಕಥೆ ಓದಿ ಗಾಬರಿ ಆಯಿತು. ನಾನು ನಿನ್ನೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಮ್ಮ ಅತ್ತೆಗೆ ಐದು ವರ್ಷದಿಂದ ಮೆಥೋಟ್ರೆಕ್ಸೇಟ್ ನಡೆದಿದೆ, ಅವರಿಗೆ ಈ ಪರೀಕ್ಷೆ ಮಾಡಿದ್ದಾರಾ ಎಂದು ಈಗ ಫೈಲು ತೆಗೆದು ನೋಡುತ್ತೇನೆ.

ನರ್ಸಮ್ಮ, ಮುಂಡಗೋಡ · 2:20

ಇಲ್ಲಿ ಬಿ ಮತ್ತು ಸಿ ಕಲಸಿಹೋಗುತ್ತಿದೆ, ಸ್ವಲ್ಪ ಬಿಡಿಸುತ್ತೇನೆ.

ಪ್ರತಿರಕ್ಷೆ ತಗ್ಗಿಸುವ ಔಷಧಿಯಿಂದ ಹೀಗೆ ಭುಗಿಲೇಳುವುದು ಮುಖ್ಯವಾಗಿ ಬಿ. ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್‌ನಲ್ಲಿ ಈ ಅಪಾಯ ಎಲ್ಲಕ್ಕಿಂತ ಜಾಸ್ತಿ. ಅದಕ್ಕೇ ಎಚ್‌ಬಿಎಸ್‌ಎಜಿ ಜೊತೆ, ಹಳೆಯ ಬಿ ಸೋಂಕಿನ ಗುರುತು ತೋರಿಸುವ ಆಂಟಿ ಎಚ್‌ಬಿಸಿ ಸಹ ನೋಡಬೇಕು. ಹಿಂದೆ ಬಂದುಹೋದ ಬಿ ಸಹ ಎದ್ದು ಬರಬಹುದು. ಸಿ ಯಲ್ಲಿ ಮೆಥೋಟ್ರೆಕ್ಸೇಟ್ ಬೇಡ ಅನ್ನುವುದು ಬೇರೆ ಕಾರಣಕ್ಕೆ, ಅದು ಲಿವರಿಗೇ ಭಾರ. ಗಂಟಿಗೇ ಕೊಡುವ ಲೆಫ್ಲುನಮೈಡ್ ಕೂಡ ಹಾಗೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಅದನ್ನೂ ಡಾಕ್ಟರೇ ತೀರ್ಮಾನಿಸಬೇಕು.

ಬೈತಕೋಲದವರೇ, ನಿಮ್ಮ ಗಂಟುನೋವಿಗೂ ಬಿ ಕಾರಣ ಇದ್ದಿರಬಹುದು, ಕೇಳಿದಿರಾ? ಬಿ ತಗಲಿದ ಹೊಸದರಲ್ಲಿ, ಕಾಮಾಲೆ ಕಾಣುವ ಮೊದಲೇ, ಗಂಟು ಬಾವು ಮತ್ತು ಮೈಮೇಲೆ ಪಿತ್ತದ ಗಂಧೆ ಬರುವುದುಂಟು. ಕಣ್ಣು ಹಳದಿ ಆಗುವ ಹೊತ್ತಿಗೆ ಗಂಟು ಸರಿಯಾಗಿರುತ್ತದೆ.

ಗಂಗಾವಳಿ ದಂಡೆ, ಅಂಕೋಲಾ · 2:41

ಅಯ್ಯೋ, ನನ್ನ ತಮ್ಮನಿಗೆ ಹೀಗೇ ಆಗಿತ್ತು! ಹತ್ತು ದಿನ ಮೈಯೆಲ್ಲ ಗಂಧೆ, ಬೆರಳು ಬಾಳೆಹಣ್ಣಿನ ಹಾಗೆ ಊದಿತ್ತು. ಬಂಗಡೆ ಮೀನು ಆಗಲಿಲ್ಲ ಎಂದು ಅಮ್ಮ ಮೀನು ಬಿಡಿಸಿದ್ದಳು. ಆಮೇಲೆ ನೋಡಿದರೆ ಕಾಮಾಲೆ. ಇಷ್ಟು ವರ್ಷ ಎರಡನ್ನೂ ಬೇರೆ ಬೇರೆ ಅಂದುಕೊಂಡಿದ್ದೆವು.

ಬೈತಕೋಲ ಬೋಟು, ಕಾರವಾರ · 3:05

ನರ್ಸಮ್ಮ, ಕೇಳಿದ್ದೆ. ನನ್ನದು ಹಳೆಯ ಸೋಂಕು, ಭುಜದ್ದು ಬಲೆ ಎಳೆದ ಸವೆತವೇ ಅಂದರು. ಬಿ ವೈರಸ್ಸಿಗೆ ಮೊದಲು ಟೆನೊಫೊವಿರ್ ಕೊಟ್ಟಿದ್ದರು. ವರ್ಷದ ನಂತರ ಮೂತ್ರ, ಫಾಸ್ಫೇಟ್ ನೋಡಿ ಎಂಟೆಕಾವಿರ್‌ಗೆ ಬದಲಾಯಿಸಿದರು. ಹಳೆಯ ಥರದ ಟೆನೊಫೊವಿರ್ ಕೆಲವರಿಗೆ ಕಿಡ್ನಿಗೆ ತಾಗಿ ಮೂಳೆ ನೋವು ತರುತ್ತದಂತೆ. ಆದ್ದರಿಂದ ಬಿ ಇದ್ದು ಆ ಮಾತ್ರೆ ತಿನ್ನುವವರು ಮೂಳೆ ನೋವು ಬಂದರೆ ಸುಮ್ನೆ ಸಹಿಸಬೇಡಿ. ಹಾಗಂತ ತಾವೇ ನಿಲ್ಲಿಸಲೂ ಬೇಡಿ, ನಿಲ್ಲಿಸಿದರೆ ನನಗಾದಂತೆಯೇ ಆಗಬಹುದು.

ಮೆಟ್ಟುಗತ್ತಿ, ಶಿರಸಿ · ರಾತ್ರಿ 8:15

ಇವತ್ತು ಆಯಿ ತಟ್ಟೆಯಲ್ಲಿ ಉಂಡಳು. ಅಕ್ಕೋರು ಬರೆದದ್ದನ್ನು ಓದಿ ಹೇಳಿದೆ. "ಇಪ್ಪತ್ತೆರಡು ವರ್ಷವಾ?" ಎಂದು ಎರಡು ಸಲ ಕೇಳಿದಳು.

ನೋವಿಗೆ ಸದ್ಯಕ್ಕೆ ಏನು ಕೊಡಲಿ? ರಾತ್ರಿ ನಿದ್ದೆ ಇಲ್ಲ. ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೊಟ್ಟಿದ್ದಾರೆ.

ಔಷಧಿ ಅಂಗಡಿ, ಭಟ್ಕಳ · 8:28

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಎರಡೂ ಬೇಡ. ಕಿಡ್ನಿ ಪರೀಕ್ಷೆ ಇನ್ನೂ ಆಗಿಲ್ಲ, ಲಿವರ್ ಎಷ್ಟು ಗಟ್ಟಿಯಾಗಿದೆ ಗೊತ್ತಿಲ್ಲ. ಪ್ಯಾರಾಸಿಟಮಾಲ್ ಲಿವರಿಗೆ ವಿಷ ಎಂದು ಜನ ಹೆದರುತ್ತಾರೆ, ಆದರೆ ಕಡಿಮೆ ಪ್ರಮಾಣದಲ್ಲಿ ಇಂಥವರಿಗೆ ಅದೇ ಸುರಕ್ಷಿತ. 500ರ ಮಾತ್ರೆ ದಿನಕ್ಕೆ ನಾಲ್ಕು ದಾಟಬಾರದು. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಕಾಳಿ ಸೇತುವೆ, ಸದಾಶಿವಗಡ · 9:10

ಪರೀಕ್ಷೆ ಹೆಸರೆಲ್ಲ ಬರೆದಿರಿ, ಮಾಡಿಸುವುದು ಎಲ್ಲಿ? ನಾವು ಗೋವಾಕ್ಕೆ ಓಡಬೇಕು, ಕುಮಟಾ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಶಿರಸಿಯವರು ಹುಬ್ಬಳ್ಳಿಗೆ. 2022ರಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಅಪಘಾತ ಆದಾಗ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿತು. ಗಂಟಿನ ತಜ್ಞರನ್ನು ಹುಡುಕಿಕೊಂಡು ನೂರಾರು ಕಿಲೋಮೀಟರ್ ಹೋಗುವುದು ಕೈಲಾಗದ ಮುದುಕರಿಗೆ ಎಷ್ಟು ಕಷ್ಟ!

ಅಕ್ಕೋರು, ಹೊನ್ನಾವರ · 9:25

ನಿಜ. ಆ ಬೇಡಿಕೆ ಬಿಡಬಾರದು. ಆದರೆ ಈ ಹುಡುಗನಿಗೆ ನಾಳೆ ಏನು ಮಾಡಬೇಕು ಎಂದು ಹೇಳೋಣ.

ನರ್ಸಮ್ಮ, ಮುಂಡಗೋಡ · 9:38

ಮೊದಲು ಸರ್ಕಾರಿ ಆಸ್ಪತ್ರೆಗೆ. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಆ ಹೆಸರು ಹೇಳಿಯೇ ಕೇಳಿ. ಲಿವರ್ ಗಟ್ಟಿಯಾಗಿರದಿದ್ದರೆ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆ, ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್. ನೂರರಲ್ಲಿ ಸುಮಾರು ತೊಂಬತ್ತೈದು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ವೈರಸ್ ಹೋದರೆ ಬಹಳ ಜನರಿಗೆ ಚುಕ್ಕೆ, ಗಂಟುನೋವು ಸಹ ಇಳಿಯುತ್ತದೆ. ಕೆಲವರಿಗೆ ತಡವಾಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿಯುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಸಿ ಮಾತ್ರೆ ಶುರು ಮಾಡುವ ಮೊದಲು ಬಿ ಪರೀಕ್ಷೆ ಆಗಲೇಬೇಕು. ಎರಡೂ ಇದ್ದರೆ ಸಿ ಹೋಗುತ್ತಿದ್ದ ಹಾಗೆ ಬಿ ಏಳಬಹುದು. ಆಯಿ ತಿನ್ನುವ ಎಲ್ಲ ಮಾತ್ರೆ ಚೀಟಿ ಒಯ್ಯಿರಿ. ಗ್ಯಾಸಿನ ಮಾತ್ರೆ ಸಹ, ಅದು ವೆಲ್ಪಟಾಸ್ವಿರ್ ಮೈಗೆ ಹತ್ತದ ಹಾಗೆ ಮಾಡುತ್ತದೆ. ಹೃದಯಕ್ಕೆ ಅಮಿಯೋಡರೋನ್ ಇದ್ದರೆ ಮೊದಲೇ ಹೇಳಲೇಬೇಕು.

ಲ್ಯಾಬ್ ಕೆಲಸದವ, ಕುಮಟಾ · 9:56

ಕ್ರಯೋ ಪರೀಕ್ಷೆಗೆ ಮಾತ್ರ ಒಂದು ಎಚ್ಚರ. ಊರಲ್ಲಿ ರಕ್ತ ತೆಗೆಸಿ ಬಸ್ಸಿನಲ್ಲಿ ಕಳಿಸಬೇಡಿ.

ಉಳಿದ ಸ್ಯಾಂಪಲ್ ಎಲ್ಲ ನಾವು ಐಸ್ ಡಬ್ಬಿಯಲ್ಲಿ ಕಳಿಸುತ್ತೇವೆ. ಇದು ಉಲ್ಟಾ. ಸಿರಿಂಜು, ಟ್ಯೂಬು ಮೊದಲೇ ಬೆಚ್ಚಗಿರಬೇಕು. ತೆಗೆದ ಕೂಡಲೇ 37 ಡಿಗ್ರಿ ನೀರಿನ ಫ್ಲಾಸ್ಕಿನಲ್ಲಿ ಇಳಿಸಬೇಕು. ರಕ್ತ ಹೆಪ್ಪಾಗುವುದು, ಸೀರಮ್ ಬೇರೆ ಮಾಡುವುದು ಎಲ್ಲ ಬಿಸಿಯಲ್ಲೇ. ಆಮೇಲೆ ಸೀರಮ್ಮನ್ನು ಫ್ರಿಜ್ಜಿನಲ್ಲಿ ಕೆಲವು ದಿನ ಇಟ್ಟು, ತಳದಲ್ಲಿ ಬಿಳಿ ಮಡ್ಡಿ ಕೂರುತ್ತದಾ ಎಂದು ನೋಡುವುದು. ಮತ್ತೆ ಬಿಸಿ ಮಾಡಿದರೆ ಮಡ್ಡಿ ಕರಗಬೇಕು. ದಾರಿಯಲ್ಲೇ ತಣ್ಣಗಾದರೆ ಆ ಮಡ್ಡಿ ಹೆಪ್ಪಿನ ಜೊತೆಗೇ ಹೋಗಿಬಿಡುತ್ತದೆ. ರಿಪೋರ್ಟ್ ನೆಗೆಟಿವ್ ಬರುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ. ಹಾಗೆ ಬಂದ ಒಂದು ನೆಗೆಟಿವ್ ನಂಬಿ ಒಬ್ಬ ಹೆಂಗಸು ವರ್ಷ ಕಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಯಿಯನ್ನೇ ದೊಡ್ಡ ಲ್ಯಾಬಿಗೆ ಕರೆದುಕೊಂಡು ಹೋಗಿ, ಅಲ್ಲೇ ಕೊಡಿಸಿ. "ಬಿಸಿಯಲ್ಲಿ ತೆಗೆಯುತ್ತೀರಲ್ಲ?" ಎಂದು ಬಾಯಿ ಬಿಟ್ಟು ಕೇಳಿ.

ಮೆಟ್ಟುಗತ್ತಿ, ಶಿರಸಿ · 10:05

ಬರೆದಿಟ್ಟುಕೊಂಡೆ. ಬುಧವಾರ ಹೊರಡುತ್ತೇವೆ.

ಘಟ್ಟದ ಮೇಲಿನವ, ಯಲ್ಲಾಪುರ · ಮಂಗಳವಾರ 11:20

ಅತ್ತೆಯ ಫೈಲು ನೋಡಿದೆ. ಮೊದಲ ಪುಟದಲ್ಲೇ ಬಿ, ಸಿ ಎರಡೂ ನೆಗೆಟಿವ್ ಎಂದು ಇದೆ. ಅವರ ಡಾಕ್ಟರು ಮಾಡಿಸಿಯೇ ಶುರು ಮಾಡಿದ್ದರು. ಸಮಾಧಾನ ಆಯಿತು.

ಮೆಟ್ಟುಗತ್ತಿ, ಶಿರಸಿ · ಒಂದು ತಿಂಗಳ ನಂತರ

ತಡವಾಯಿತು, ಕ್ಷಮಿಸಿ. ಓಡಾಟವೇ ಓಡಾಟ.

ಆರ್‌ಎನ್‌ಎ ಪಾಸಿಟಿವ್. ಸಿಸಿಪಿ ನೆಗೆಟಿವ್. ಸಿ4 ತುಂಬ ಕಡಿಮೆ. ಕ್ರಯೋಗ್ಲೋಬ್ಯುಲಿನ್ ಇದೆ. ಲ್ಯಾಬಿನವರು ಟ್ಯೂಬನ್ನು ಬಿಸಿನೀರಿನಿಂದ ಎತ್ತಿ ಒರೆಸಿದ್ದನ್ನು ನೋಡಿದೆ, ಕುಮಟಾದವರ ನೆನಪಾಯಿತು. ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಇದೆ, ಕ್ರಿಯಾಟಿನಿನ್ ಸರಿ ಇದೆ, ಸಮಯಕ್ಕೆ ಬಂದಿರಿ ಅಂದರು. ಲಿವರ್ ಸ್ಕ್ಯಾನಿನಲ್ಲಿ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿರುವುದು, ಇಲ್ಲ. ಬಿ ಎರಡೂ ಪರೀಕ್ಷೆ ನೆಗೆಟಿವ್. ತಂಗಿಯದೂ ನೆಗೆಟಿವ್.

ಗಂಟಿನ ಡಾಕ್ಟರು ನಮ್ಮೆದುರೇ ಲಿವರ್ ಡಾಕ್ಟರಿಗೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರು. ಮೆಥೋಟ್ರೆಕ್ಸೇಟ್ ಬೇಡ, ಮೊದಲು ವೈರಸ್ ಹೋಗಲಿ, ಆಮೇಲೆ ಗಂಟು ನೋಡೋಣ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದರು. ನಾವು ಅಷ್ಟು ದಿನ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿಯೇ ಇರಲಿಲ್ಲ.

ಬೈತಕೋಲ ಬೋಟು, ಕಾರವಾರ · ಅದೇ ಸಂಜೆ

ಒಳ್ಳೆಯದಾಯಿತು ಭಾವ. ಮಾತ್ರೆ ಯಾವಾಗ ಶುರು?

ಮೆಟ್ಟುಗತ್ತಿ, ಶಿರಸಿ · 7:50

ಇವತ್ತು ಬೆಳಿಗ್ಗೆ ಮೊದಲನೆಯದು, ದೋಸೆ ತಿಂದ ಮೇಲೆ. ಆಯಿ ಕ್ಯಾಲೆಂಡರಿನಲ್ಲಿ 84 ಮನೆ ಎಣಿಸಿ, ಕೊನೆಯದಕ್ಕೆ ಕುಂಕುಮ ಹಚ್ಚಿ ಇಟ್ಟಿದ್ದಾಳೆ. ಮೊಮ್ಮಗಳು ತೊಡೆ ಮೇಲೆ ಕೂತು ಜೊತೆಗೆ ಎಣಿಸಿದಳು.